ಕಾಶಿಯ ಘಾಟ್‌ಗಳನ್ನು ನಮ್ಮದೇ ದೋಣಿಯಲ್ಲಿ ನಿಧಾನವಾಗಿ ನೋಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಕಾರ್ತಿಕ ಮಾಸದಲ್ಲಿ ನಾನು, ನನ್ನ ಪತ್ನಿ, ನಮ್ಮ ತಾಯಿ ಮತ್ತು ಅತ್ತೆಯವರು ಶಿವಮೊಗ್ಗದಿಂದ ಕಾಶಿಗೆ ಹೊರಟಿದ್ದೇವೆ. ವಿಶ್ವನಾಥನ ದರ್ಶನ, ಪಿತೃಕಾರ್ಯ ಇವಕ್ಕೆಲ್ಲ ಪರಿಚಯದ ಪುರೋಹಿತರು ವ್ಯವಸ್ಥೆ ಮಾಡಿಕೊಟ್ಟಿರುವುದರಿಂದ ಆ ಬಗ್ಗೆ ನನ್ನ ಪ್ರಶ್ನೆಯಿಲ್ಲ. ನಾನು ಕೇಳಬೇಕೆಂದಿರುವುದು ದೋಣಿಯ ವಿಚಾರ.

ನಮ್ಮ ಸಂಬಂಧಿಕರೊಬ್ಬರು ಪ್ಯಾಕೇಜ್ ಪ್ರವಾಸದಲ್ಲಿ ಹೋಗಿದ್ದಾಗ ಅವರನ್ನು ದೊಡ್ಡದೊಂದು ಎಂಜಿನ್ ದೋಣಿಯಲ್ಲಿ ನಲವತ್ತೈವತ್ತು ಜನರೊಂದಿಗೆ ಕೂರಿಸಿ, ಧ್ವನಿವರ್ಧಕದಲ್ಲಿ ಘಾಟ್‌ಗಳ ಹೆಸರನ್ನು ಕೂಗಿ ಹೇಳುತ್ತ, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಮುಗಿಸಿ ಇಳಿಸಿದರಂತೆ. ನಮಗೆ ಅದು ಬೇಡ. ನಾಲ್ವರಿಗಾಗಿಯೇ ಒಂದು ದೋಣಿ ಗೊತ್ತು ಮಾಡಿಕೊಂಡು, ಯಾರ ಆತುರವೂ ಇಲ್ಲದೆ, ನೀರಿನ ಮೇಲಿಂದ ಆ ಊರನ್ನು ನೋಡಬೇಕೆಂಬುದು ನಮ್ಮ ಆಸೆ. ಹತ್ತುವುದು ಎಲ್ಲಿ, ಇಳಿಯುವುದು ಎಲ್ಲಿ, ಬೆಳಿಗ್ಗೆಯೋ ಸಂಜೆಯೋ, ಹುಟ್ಟು ಹಾಕುವ ದೋಣಿಯೋ ಎಂಜಿನ್ ದೋಣಿಯೋ, ಆರತಿಯನ್ನು ದೋಣಿಯಲ್ಲೇ ಕುಳಿತು ನೋಡುವುದು ಒಳ್ಳೆಯದೋ ಅಲ್ಲವೋ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ತಾಯಿಯವರಿಗೆ ಎಪ್ಪತ್ತು ದಾಟಿದೆ ಮತ್ತು ಮೊಣಕಾಲಿನ ನೋವಿದೆ ಎಂಬುದನ್ನು ಗಮನದಲ್ಲಿಟ್ಟು ಹೇಳಬೇಕಾಗಿ ವಿನಂತಿ. ನಡುವೆ ರಾಮನಗರದ ಕೋಟೆಯನ್ನೂ ದೋಣಿಯಲ್ಲೇ ನೋಡಿ ಬರಬಹುದೇ ಎಂಬುದು ನನ್ನ ಇನ್ನೊಂದು ಸಂದೇಹ.


ಲಂಕಾವಾಸಿ

ನಮಸ್ಕಾರ. ನಾನು ಉದ್ಯೋಗದ ನಿಮಿತ್ತ ಕೆಲವು ವರ್ಷಗಳಿಂದ ಇಲ್ಲಿನ ಹಿಂದೂ ವಿಶ್ವವಿದ್ಯಾಲಯದ ಮುಂದಿರುವ ಲಂಕಾ ಬಡಾವಣೆಯಲ್ಲಿ ವಾಸವಾಗಿದ್ದೇನೆ. (ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೇ ಎಂಬುದನ್ನು ಇಲ್ಲಿಗೆ ಬರುವ ಕನ್ನಡಿಗರಿಗೆ ಹೇಳದೆ ಬಿಡಲು ನನ್ನಿಂದಾಗುವುದಿಲ್ಲ.) ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ನದಿಯ ದಿಕ್ಕಿನಲ್ಲೇ ಇದೆ.

ಗಂಗೆ ಇಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಊರು ಮತ್ತು ಘಾಟ್‌ಗಳು ಇರುವುದು ಪಶ್ಚಿಮ ದಡದಲ್ಲಿ ಮಾತ್ರ. ಎದುರು ದಡ ಬಹುಪಾಲು ಮರಳು. ಹೀಗಾಗಿ ಸೂರ್ಯ ಮರಳಿನ ದಿಬ್ಬದ ಹಿಂದಿನಿಂದ ಮೇಲೇರುತ್ತಾನೆ ಮತ್ತು ಮೊದಲ ಬೆಳಕು ನೇರವಾಗಿ ಘಾಟ್‌ಗಳ ಕಲ್ಲಿನ ಮೇಲೆ ಬೀಳುತ್ತದೆ. ಸಂಜೆ ಇದಕ್ಕೆ ತದ್ವಿರುದ್ಧ. ಸೂರ್ಯ ಕಟ್ಟಡಗಳ ಬೆನ್ನಿಗೆ ಮುಳುಗುವುದರಿಂದ ಅವುಗಳ ಮುಖವೆಲ್ಲ ನೆರಳಿನಲ್ಲಿರುತ್ತದೆ. ಊರನ್ನು ನೋಡುವುದೇ ಉದ್ದೇಶವಾಗಿದ್ದರೆ ಬೆಳಿಗ್ಗೆಯೇ ಸರಿ, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಘಾಟ್‌ಗಳ ಸಾಲಿನ ದಕ್ಷಿಣದ ತುದಿ ಅಸ್ಸಿ, ಉತ್ತರದ ತುದಿಯಲ್ಲಿ ರಾಜಘಾಟ್ ಹಾಗೂ ಆದಿಕೇಶವ. ಎರಡರ ನಡುವೆ 6 ಕಿ.ಮೀ.ಗೂ ಹೆಚ್ಚು ದೂರವಿದ್ದು, ಒಟ್ಟು 84 ಘಾಟ್‌ಗಳೆಂದು ಎಣಿಸುವುದು ವಾಡಿಕೆ. ನೀವು ಅಸ್ಸಿಯಲ್ಲಿ ಹತ್ತಿ ಉತ್ತರಕ್ಕೆ ಹೊರಟರೆ ನದಿಯೇ ನಿಮ್ಮನ್ನು ಕರೆದೊಯ್ಯುತ್ತದೆ. ಅಂಬಿಗನು ದೋಣಿಯ ದಿಕ್ಕನ್ನು ಸರಿಪಡಿಸುವಷ್ಟು ಹುಟ್ಟು ಹಾಕಿದರೆ ಸಾಕು. ಅದೇ ದೋಣಿಯಲ್ಲಿ ಹಿಂದಿರುಗಬೇಕೆಂದರೆ ಅವನು ಹರಿವಿಗೆ ಎದುರಾಗಿ ಬೆವರು ಸುರಿಸಬೇಕಾಗುತ್ತದೆ, ಸಮಯವೂ ಬಹಳ ಹಿಡಿಯುತ್ತದೆ, ನೋಡಿದ್ದನ್ನೇ ಮತ್ತೆ ನೋಡಿದಂತಾಗುತ್ತದೆ. ಪ್ಯಾಕೇಜ್‌ನವರು ಎಂಜಿನ್ ದೋಣಿಯನ್ನು ಬಳಸುವುದು ಹತ್ತಿದ ಜಾಗಕ್ಕೇ ಜನರನ್ನು ಬೇಗನೆ ತಂದು ಬಿಡುವುದಕ್ಕಾಗಿ. ನೀವು ಹಿಂದಿರುಗುವ ಯೋಚನೆಯನ್ನು ಕೈಬಿಟ್ಟು ಅಸ್ಸಿಯಿಂದ ನಮೋ ಘಾಟ್‌ವರೆಗೆ ಒಂದೇ ದಿಕ್ಕಿನ ಸವಾರಿಯನ್ನು ಮಾತನಾಡಿಕೊಳ್ಳಿ. ರಾಜಘಾಟ್‌ಗೆ ಹೊಂದಿಕೊಂಡಿರುವ ಈ ಘಾಟ್‌ಗೆ ಹಿಂದೆ ಖಿಡಕಿಯಾ ಘಾಟ್ ಎಂಬ ಹೆಸರಿತ್ತು. ಈಗ ಅದನ್ನು ಹೊಸದಾಗಿ ಕಟ್ಟಿದ್ದಾರೆ. ಅಲ್ಲಿಯವರೆಗೆ ವಾಹನ ಬರುತ್ತದೆ, ಇಳಿಜಾರಿನ ದಾರಿಯೂ ಇದೆ. ಮೊಣಕಾಲು ನೋವಿನವರಿಗೆ ಸಂಜೆಯ ದೊಡ್ಡ ಆರತಿ ನಡೆಯುವ ದಶಾಶ್ವಮೇಧ ಘಾಟ್‌ನ ಮೆಟ್ಟಿಲುಗಳನ್ನು ಏರಿ, ಗೋಧೌಲಿಯಾದ ಜನಸಂದಣಿಯಲ್ಲಿ ನಡೆದು ಆಟೋ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ. ಹುಟ್ಟು ದೋಣಿಯಲ್ಲಿ ಅಸ್ಸಿಯಿಂದ ದಶಾಶ್ವಮೇಧಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಅಲ್ಲಿಂದ ನಮೋ ಘಾಟ್‌ಗೆ ಹೆಚ್ಚುಕಡಿಮೆ ಮತ್ತಷ್ಟೇ ಸಮಯ ಬೇಕಾಗುತ್ತದೆ. ನಡುವೆ ಎಲ್ಲಾದರೂ ನಿಲ್ಲಿಸಬೇಕೆಂದಿದ್ದರೆ ಮೊದಲೇ ಹೇಳಿರಿ.

ನವೆಂಬರ್ ನಡುವಿನಲ್ಲಿ ಇಲ್ಲಿ ಸೂರ್ಯೋದಯ ಸುಮಾರು ಆರೂಕಾಲಕ್ಕೆ. ಐದೂವರೆಗೆ ಅಸ್ಸಿ ತಲುಪಿದರೆ 2014ರಿಂದ ಪ್ರತಿದಿನ ನಡೆಯುತ್ತಿರುವ ಬೆಳಗಿನ ಆರತಿ ಹಾಗೂ ಸಂಗೀತವನ್ನು ಸ್ವಲ್ಪ ಹೊತ್ತು ಕಂಡು, ಬೆಳಕು ಹರಿಯುವ ಮುನ್ನ ದೋಣಿ ಹತ್ತಬಹುದು. ಈ ಆರತಿಯಲ್ಲಿ ದಶಾಶ್ವಮೇಧದ ಗದ್ದಲವಿಲ್ಲ.

ರಾಮನಗರದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಅದು ಅಸ್ಸಿಗಿಂತ ಮೇಲ್ಗಡೆ, ಎದುರು ದಡದಲ್ಲಿದೆ, ದೋಣಿಯಲ್ಲಿ ಹೋಗುವುದು ಹರಿವಿಗೆ ಎದುರು. ಮಧ್ಯಾಹ್ನ ಕಾರಿನಲ್ಲಿ ಸೇತುವೆ ದಾಟಿ ಹೋಗಿ ಬನ್ನಿ.


ಶಾಸನಪ್ರಿಯ

ಲಂಕಾವಾಸಿಯವರು ಹೇಳಿದ ದಾರಿ ಸರಿಯಾಗಿದೆ. ಆ ದಾರಿಯಲ್ಲಿ ಏನನ್ನು ನೋಡಬೇಕು ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅಂಬಿಗರು ಹೇಳುವ ವಿವರಗಳಲ್ಲಿ ಪುರಾಣ ಹೆಚ್ಚು, ಕಾಲಗಣನೆ ಕಡಿಮೆ. ಪುರಾಣ ಬೇಡವೆಂದಲ್ಲ, ಆದರೆ ಕಣ್ಣಿಗೆ ಕಾಣುವ ಕಲ್ಲಿನ ಕಟ್ಟಡಗಳಲ್ಲಿ ಹೆಚ್ಚಿನವು ಕಳೆದ ಮುನ್ನೂರು ವರ್ಷಗಳಲ್ಲಿ ಮರಾಠರು, ರಜಪೂತರು ಮತ್ತು ಬೇರೆ ಬೇರೆ ಸಂಸ್ಥಾನಗಳವರು ಕಟ್ಟಿಸಿದವು ಎಂಬುದು ತಿಳಿದಿದ್ದರೆ ಪ್ರತಿ ಗೋಡೆಯೂ ಬೇರೆ ರೀತಿಯಲ್ಲಿ ಕಾಣುತ್ತದೆ. ಊರು ಮಾತ್ರ ಬಹಳ ಹಳೆಯದು. ನೀವು ಇಳಿಯುವ ರಾಜಘಾಟ್‌ನ ದಿಬ್ಬದಲ್ಲಿ ನಡೆದ ಉತ್ಖನನಗಳಲ್ಲಿ ಕ್ರಿಸ್ತಪೂರ್ವ ಎಂಟನೆಯ ಶತಮಾನದಷ್ಟು ಹಿಂದಿನ ವಸತಿಯ ಕುರುಹುಗಳು ಸಿಕ್ಕಿವೆ. ಅಂದರೆ ನಿಮ್ಮ ದೋಣಿ ಹೊಸ ಕಟ್ಟಡಗಳಿಂದ ಹಳೆಯ ಊರಿನ ಕಡೆಗೆ ಸಾಗುತ್ತದೆ ಎಂದರೂ ತಪ್ಪಿಲ್ಲ.

ಅಸ್ಸಿ ಬಿಟ್ಟ ಸ್ವಲ್ಪ ಹೊತ್ತಿಗೆ ತುಳಸಿ ಘಾಟ್ ಸಿಗುತ್ತದೆ. ತುಲಸೀದಾಸರು ವಾಸವಾಗಿದ್ದ ಜಾಗ ಅದು. ಅಲ್ಲಿಂದ ಮುಂದೆ, ಕೋಟೆಯ ಬುರುಜುಗಳಿರುವ ಎತ್ತರದ ಗೋಡೆ ಬಂದಾಗ ಅಂಬಿಗನಿಗೆ ದೋಣಿ ನಿಲ್ಲಿಸಲು ಹೇಳಿ. ಅದು ಚೇತ್ ಸಿಂಗ್ ಘಾಟ್. 1781ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಯುದ್ಧದ ಖರ್ಚಿಗೆ ಹೆಚ್ಚಿನ ಹಣ ಕೇಳಿ, ಅದು ಬರಲಿಲ್ಲವೆಂದು ತಾನೇ ಕಾಶಿಗೆ ಬಂದು ರಾಜಾ ಚೇತ್ ಸಿಂಗನನ್ನು ಇದೇ ಕೋಟೆಯಲ್ಲಿ ಬಂಧಿಸಿದ. ಕಾವಲಿಗೆ ಕಳಿಸಿದ ಸಿಪಾಯಿಗಳ ಬಳಿ ಮದ್ದುಗುಂಡುಗಳೇ ಇರಲಿಲ್ಲ. ವಿಷಯ ತಿಳಿದ ರಾಜನ ಜನ ರಾಮನಗರದ ಕಡೆಯಿಂದ ನದಿ ದಾಟಿ ಬಂದು ಅವರನ್ನು ಕೊಂದರು. ಆ ಗಲಾಟೆಯಲ್ಲಿ ಚೇತ್ ಸಿಂಗ್ ಪೇಟದ ಬಟ್ಟೆಗಳನ್ನು ಹಗ್ಗದಂತೆ ಗಂಟು ಹಾಕಿ, ಕಿಟಕಿಯಿಂದ ನದಿಗೆ ಇಳಿದು, ದೋಣಿ ಹತ್ತಿ ಪಾರಾದ. ಹೇಸ್ಟಿಂಗ್ಸ್ ಕೂಡ ಪ್ರಾಣ ಉಳಿಸಿಕೊಳ್ಳಲು ಚುನಾರಿನ ಕೋಟೆಗೆ ಓಡಬೇಕಾಯಿತು. ಇಂಗ್ಲೆಂಡಿನ ಸಂಸತ್ತಿನಲ್ಲಿ ಮುಂದೆ ಅವನ ಮೇಲೆ ನಡೆದ ದೋಷಾರೋಪಣೆಯ ವಿಚಾರಣೆಯಲ್ಲಿ ಈ ಪ್ರಕರಣವೂ ಸೇರಿತ್ತು. ಆ ಗೋಡೆಯ ಎತ್ತರ ಎಷ್ಟೆಂಬುದು ದೋಣಿಯಲ್ಲಿ ಕುಳಿತು ನೋಡಿದರೆ ಮಾತ್ರ ಅಂದಾಜಾಗುತ್ತದೆ. ಮೇಲಿನ ಓಣಿಯಲ್ಲಿ ನಡೆದು ಹೋಗುವವನಿಗೆ ಅದು ತಿಳಿಯುವುದೇ ಇಲ್ಲ.

ಅದಾದ ಮೇಲೆ ದಕ್ಷಿಣ ಭಾರತೀಯರ ಸಾಲು ಶುರುವಾಗುತ್ತದೆ. ಹನುಮಾನ್ ಘಾಟ್‌ನ ಓಣಿಗಳಲ್ಲಿ ತಲೆಮಾರುಗಳಿಂದ ನೆಲೆಸಿದ ದಕ್ಷಿಣದ ಕುಟುಂಬಗಳಿವೆ. ಮುತ್ತುಸ್ವಾಮಿ ದೀಕ್ಷಿತರು ಗುರು ಚಿದಂಬರನಾಥ ಯೋಗಿಗಳೊಂದಿಗೆ ಕಾಶಿಯಲ್ಲಿದ್ದರೆಂಬುದೂ, ಗುರುಗಳ ಮಾತಿನಂತೆ ಗಂಗೆಯಲ್ಲಿ ಮುಳುಗಿದಾಗ ಅವರಿಗೆ ವೀಣೆ ದೊರೆಯಿತೆಂಬುದೂ ಸಂಗೀತಗಾರರ ಸಂಪ್ರದಾಯದಲ್ಲಿ ಇಂದಿಗೂ ಉಳಿದಿದೆ. ಅದರ ಪಕ್ಕದಲ್ಲೇ ಕರ್ನಾಟಕ ಘಾಟ್ ಮತ್ತು ಮೈಸೂರು ಸಂಸ್ಥಾನದ ಕಾಲದ ಛತ್ರವಿದೆ. ಅದಕ್ಕೆ ತಾಗಿದಂತೆ ಹರಿಶ್ಚಂದ್ರ ಘಾಟ್. ವೀರಬಾಹುವಿನ ಆಳಾಗಿ ಸುಡುಗಾಡು ಕಾದ ಅರಸನ ಕಥೆಯನ್ನು ಕೇಳುತ್ತ ಬೆಳೆದ ನಮ್ಮ ಹಿರಿಯರಿಗೆ ಆ ಹೊಗೆಯನ್ನು ಕಂಡಾಗ ಯಾರ ವಿವರಣೆಯೂ ಬೇಕಾಗುವುದಿಲ್ಲ. ಮುಂದೆ ವಿಜಯನಗರಂ ಘಾಟ್ ಎಂಬ ಹೆಸರು ಕಂಡು ಹಂಪಿಯವರದ್ದೆಂದು ನಮ್ಮವರು ಹಿಗ್ಗುವುದುಂಟು; ಅದು ಆಂಧ್ರದ ವಿಜಯನಗರಂ ಸಂಸ್ಥಾನಕ್ಕೆ ಸೇರಿದ್ದು. ಕೆಂಪು ಬಿಳಿ ಪಟ್ಟೆಗಳನ್ನು ಬಳಿದ ಕೇದಾರ ಘಾಟ್ ಸುಲಭವಾಗಿ ಗುರುತು ಸಿಗುತ್ತದೆ; ಅಲ್ಲಿ ಕೇದಾರೇಶ್ವರನ ದೇವಸ್ಥಾನವಿದೆ.

ದರ್ಭಂಗಾ ಘಾಟ್‌ನ ಅರಮನೆ ಈಗ ಹೋಟೆಲಾಗಿದೆ. ನಾಗಪುರದ ಮಂತ್ರಿ ಶ್ರೀಧರ ನಾರಾಯಣ ಮುನ್ಷಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು, ಮುಂದೆ ದರ್ಭಂಗಾದ ಅರಸರ ಕೈಸೇರಿತು. ದಶಾಶ್ವಮೇಧ ದಾಟಿದೊಡನೆ ಮಾನಮಂದಿರ: ಅಂಬೇರಿನ ರಾಜಾ ಮಾನಸಿಂಗ್ 1600ರ ಸುಮಾರಿಗೆ ಕಟ್ಟಿಸಿದ ಈ ಅರಮನೆಯ ತಾರಸಿಯ ಮೇಲೆ ಸವಾಯಿ ಜಯಸಿಂಗ್ ಹದಿನೆಂಟನೆಯ ಶತಮಾನದಲ್ಲಿ ಖಗೋಳ ವೀಕ್ಷಣೆಯ ಯಂತ್ರಗಳನ್ನು ಸ್ಥಾಪಿಸಿದ. ಯಂತ್ರಗಳು ದೋಣಿಯಿಂದ ಕಾಣುವುದಿಲ್ಲ, ಆದರೆ ಅದರ ಕಲ್ಲಿನ ಉಪ್ಪರಿಗೆಯ ಕೆತ್ತನೆ ಬೆಳಗಿನ ಬಿಸಿಲಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಲಲಿತಾ ಘಾಟ್‌ನಲ್ಲಿ ನೇಪಾಳದ ಅರಸರು ಕಟ್ಟಿಸಿದ ಮರದ ದೇವಾಲಯವಿದೆ. ಅದರ ಬಳಿಯೇ 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ವಿಶ್ವನಾಥ ಕಾರಿಡಾರಿನ ಗಂಗಾದ್ವಾರವಿದೆ. ಮಣಿಕರ್ಣಿಕೆಯನ್ನು ದಾಟಿದ ಮೇಲೆ ನೀರಿಗೆ ವಾಲಿಕೊಂಡು ನಿಂತಿರುವ ರತ್ನೇಶ್ವರ ದೇವಾಲಯವನ್ನು ನೋಡಲು ಮರೆಯಬೇಡಿ. ವರ್ಷದಲ್ಲಿ ಹಲವು ತಿಂಗಳು ಅದರ ಗರ್ಭಗುಡಿ ನೀರು ಮತ್ತು ಹೂಳಿನಲ್ಲಿ ಮುಚ್ಚಿಹೋಗಿರುತ್ತದೆ.

ಹೆಚ್ಚಿನ ಪ್ರವಾಸಿಗರು ಇಲ್ಲಿಂದಲೇ ಹಿಂದಿರುಗುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಊಟದಲ್ಲಿ ಪಾಯಸ ಬರುವ ಮುನ್ನ ಎದ್ದಂತೆ, ಏಕೆಂದರೆ ಕಾಶಿಯ ಚರಿತ್ರೆಯ ಅತ್ಯಂತ ತೂಕದ ಜಾಗಗಳಲ್ಲೊಂದು ಇನ್ನೂ ಮುಂದಿದೆ. ಪಂಚಗಂಗಾ ಘಾಟ್‌ನ ಮೇಲೆ ಹಿಂದೆ ಬಿಂದುಮಾಧವನ ದೊಡ್ಡ ದೇವಾಲಯವಿತ್ತು. 1665ರಲ್ಲಿ ಕಾಶಿಗೆ ಬಂದಿದ್ದ ಫ್ರೆಂಚ್ ವರ್ತಕ ತಾವೆರ್ನಿಯೆ ಅದನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅದಾದ ಕೆಲವೇ ವರ್ಷಗಳಲ್ಲಿ ಔರಂಗಜೇಬನ ಆಳ್ವಿಕೆಯಲ್ಲಿ ಅದನ್ನು ಕೆಡವಿ, ಅದೇ ಎತ್ತರದಲ್ಲಿ ಈಗ ಕಾಣುವ ಮಸೀದಿಯನ್ನು ಕಟ್ಟಲಾಯಿತು. ಹತ್ತೊಂಬತ್ತನೆಯ ಶತಮಾನದ ಚಿತ್ರಗಳಲ್ಲಿ ಈ ಮಸೀದಿಯ ಎರಡು ಎತ್ತರದ ಮಿನಾರುಗಳು ಇಡೀ ಊರಿನ ಗುರುತಾಗಿ ಕಾಣಿಸುತ್ತವೆ. 1820ರ ದಶಕದಲ್ಲಿ ಇಲ್ಲಿನ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್, ಅಂದರೆ ಮುಂದೆ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿದವನೇ, ಅವುಗಳ ದುರಸ್ತಿ ಮಾಡಿಸಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಒಂದು ಮಿನಾರು ಕುಸಿದುಬಿತ್ತು, ಇನ್ನೊಂದನ್ನು ಸುರಕ್ಷತೆಗಾಗಿ ಇಳಿಸಲಾಯಿತು. ಬಿಂದುಮಾಧವನ ಪೂಜೆ ಈಗ ಪಕ್ಕದ ಸಣ್ಣ ಗುಡಿಯಲ್ಲಿ ನಡೆಯುತ್ತಿದೆ. ಕೊನೆಯಲ್ಲಿ ಕಾಣುವ ಎರಡು ಅಂತಸ್ತಿನ ಕಬ್ಬಿಣದ ಸೇತುವೆ 1887ರದ್ದು; ಡಫರಿನ್ ಸೇತುವೆಯೆಂದಿದ್ದ ಅದಕ್ಕೆ ಸ್ವಾತಂತ್ರ್ಯಾನಂತರ ಮಾಳವೀಯರ ಹೆಸರಿಟ್ಟರು.


ಹೆಗ್ಗೋಡಿನ ಸೊಸೆ

ಮೇಲಿನ ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದಾರೆ, ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರ ಕಷ್ಟ ಅವರ ಬರಹದಲ್ಲಿ ಅಷ್ಟಾಗಿ ಕಾಣಿಸಲಿಲ್ಲ. ನಮ್ಮ ಅತ್ತೆ ಮಾವನವರನ್ನು ಕರೆದುಕೊಂಡು ಹೋಗಿ ಬಂದವಳಾಗಿ ನಾನು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಒರಗಿ ಕೂರುವ ವ್ಯವಸ್ಥೆ ಇರುವುದಿಲ್ಲ. ಅಡ್ಡಹಲಗೆಯ ಮೇಲೆ ಎರಡು ಗಂಟೆ ನೆಟ್ಟಗೆ ಕುಳಿತರೆ ಸೊಂಟ ಹಿಡಿದುಕೊಳ್ಳುತ್ತದೆ. ಹತ್ತುವಾಗ ಒಬ್ಬರು ಅಂಚಿನ ಮೇಲೆ ಕಾಲಿಟ್ಟರೆ ದೋಣಿ ವಾಲುತ್ತದೆ, ಮೊಣಕಾಲು ನೋವಿನವರು ಅಲ್ಲೇ ಅಧೈರ್ಯಪಡುತ್ತಾರೆ. ದೋಣಿಯಲ್ಲಿ ಶೌಚಾಲಯವಿಲ್ಲ ಎಂಬುದನ್ನು ಗಂಡಸರು ಮರೆಯುತ್ತಾರೆ, ನಾವು ಮರೆಯಲಾಗುವುದಿಲ್ಲ. ಆದ್ದರಿಂದ ಒಂದು ಬಜಡಾ ದೋಣಿಯನ್ನು ಇಡಿಯಾಗಿ ಗೊತ್ತು ಮಾಡಿಕೊಳ್ಳುವುದು ವಾಸಿಯೆಂದು ನನ್ನ ಅಭಿಪ್ರಾಯ. ಬಜಡಾ ಎಂದರೆ ಮೇಲೊಂದು ಅಟ್ಟವಿರುವ ಅಗಲವಾದ ದೋಣಿ; ಕುರ್ಚಿ ಹಾಕಿಸಿಕೊಳ್ಳಬಹುದು, ಬಿಸಿಲಾದರೆ ಕೆಳಗೆ ನೆರಳಿದೆ, ಹತ್ತುವಾಗ ಅಷ್ಟಾಗಿ ಅಲುಗಾಡುವುದಿಲ್ಲ. ಎಂಜಿನ್ನಿನ ಸದ್ದು ಇರುತ್ತದೆ ನಿಜ, ಆದರೆ ಈಗ ಬಹಳಷ್ಟು ದೋಣಿಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಿರುವುದರಿಂದ ಮೊದಲಿನ ಕಪ್ಪು ಹೊಗೆ ಇಲ್ಲ. ಚೇತ್ ಸಿಂಗ್ ಕೋಟೆಯ ಮುಂದೆಯೋ ಪಂಚಗಂಗೆಯ ಮುಂದೆಯೋ ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ತೇಲಲು ಬಿಡಿ ಎಂದರೆ ಅವರು ಬೇಡವೆನ್ನುವುದಿಲ್ಲ.

ಸಂಜೆಯೂ ಅಷ್ಟು ತೆಗೆದುಹಾಕುವಂಥದ್ದಲ್ಲ. ದಶಾಶ್ವಮೇಧದ ಮೆಟ್ಟಿಲಿನ ಮೇಲೆ ಒಂದೂವರೆ ಗಂಟೆ ಮೊದಲೇ ಹೋಗಿ, ನೆಲದ ಮೇಲೆ ಕಾಲು ಮಡಚಿ ಕೂತು, ಜನರ ನೂಕಾಟದಲ್ಲಿ ಎದ್ದು ಬರುವುದು ನಮ್ಮ ಅತ್ತೆಯವರಿಗೆ ಸಾಧ್ಯವೇ ಇರಲಿಲ್ಲ. ದೋಣಿಯಿಂದಲೇ ಅವರು ಆರತಿ ನೋಡಿದರು, ಸಂತೋಷಪಟ್ಟರು. ಊರಿಗೆ ಬಂದ ಮೇಲೆ ಅವರು ನೆರೆಹೊರೆಯವರಿಗೆ ಹೇಳಿದ್ದು ಆ ಸಂಜೆಯ ಸುದ್ದಿಯನ್ನೇ.

ದರದ ಬಗ್ಗೆ ಅಂಕಿಗಳನ್ನು ಬರೆಯುವುದು ವ್ಯರ್ಥ, ಏಕೆಂದರೆ ಅದು ತಿಥಿ ಮತ್ತು ಜನಸಂದಣಿಗೆ ತಕ್ಕಂತೆ ಏರಿಳಿಯುತ್ತದೆ. ಹತ್ತುವ ಮುನ್ನ ನಾಲ್ಕು ಸಂಗತಿಗಳನ್ನು ಬಾಯಿಬಿಟ್ಟು ಖಚಿತಪಡಿಸಿಕೊಳ್ಳಿ: ಹೇಳಿದ ಹಣ ತಲೆಗೋ ಇಡೀ ದೋಣಿಗೋ, ಗಂಟೆಯ ಲೆಕ್ಕವೋ ಪೂರ್ತಿ ಸವಾರಿಯದೋ, ಇಳಿಸುವುದು ಯಾವ ಘಾಟ್‌ನಲ್ಲಿ, ದಾರಿಯಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳುವರೋ ಇಲ್ಲವೋ. ಕೊನೆಯದು ಬಹಳ ಮುಖ್ಯ. ಜೀವರಕ್ಷಕ ಜಾಕೆಟ್ಟನ್ನು ಕೇಳಿ ಹಾಕಿಕೊಳ್ಳಿ. ಕೊಡುವವರು ಕೊಡುತ್ತಾರೆ, ಎಷ್ಟೋ ಮಂದಿ ಅದನ್ನು ಕೂರುವ ದಿಂಬು ಮಾಡಿಕೊಂಡಿರುತ್ತಾರೆ.


ತುಂಗಾತೀರ (ಪ್ರಶ್ನೆ ಕೇಳಿದವರು)

ಮೂವರಿಗೂ ಅನಂತ ವಂದನೆಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಹೆಗ್ಗೋಡಿನ ಸೊಸೆಯವರು ಹೇಳಿದ ಶೌಚಾಲಯದ ಮಾತು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ, ಪತ್ನಿ ಓದಿ ನಕ್ಕಳು.

ಇನ್ನೆರಡು ಸಂದೇಹಗಳಿವೆ. ನಮ್ಮ ಮಾವನವರು ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಹೀಗಿರುವಾಗ ಹರಿಶ್ಚಂದ್ರ ಮತ್ತು ಮಣಿಕರ್ಣಿಕಾ ಘಾಟ್‌ಗಳ ಮುಂದೆ ದೋಣಿಯಲ್ಲಿ ಸಾಗುವುದು ಅತ್ತೆಯವರಿಗೆ ಸಂಕಟ ತರಬಹುದೇ ಎಂಬ ಚಿಂತೆ ನನಗಿದೆ. ಅವುಗಳನ್ನು ತಪ್ಪಿಸಿ ಹೋಗುವ ದಾರಿಯಿದೆಯೇ? ಎರಡನೆಯದಾಗಿ, ಕಾರ್ತಿಕ ಮಾಸದಲ್ಲಿ ಯಾವ ದಿನಗಳು ಒಳ್ಳೆಯವು? ದೇವ ದೀಪಾವಳಿಯ ದಿನವೇ ಇರಬೇಕೆಂದು ಕೆಲವರು ಹೇಳುತ್ತಾರೆ.


ಲಂಕಾವಾಸಿ

ಮೊದಲನೆಯದಕ್ಕೆ: ತಪ್ಪಿಸಿ ಹೋಗುವುದು ಪೂರ್ತಿಯಾಗಿ ಸಾಧ್ಯವಿಲ್ಲ, ಏಕೆಂದರೆ ಎರಡೂ ಘಾಟ್‌ಗಳು ಇದೇ ಸಾಲಿನಲ್ಲಿವೆ ಮತ್ತು ಎರಡರಲ್ಲೂ ಹಗಲಿರುಳೆನ್ನದೆ ಚಿತೆಗಳು ಉರಿಯುತ್ತಿರುತ್ತವೆ. ಆದರೆ ನದಿ ಇಲ್ಲಿ ಸಾಕಷ್ಟು ಅಗಲವಾಗಿದೆ. ಆ ಎರಡು ಕಡೆ ದೋಣಿಯನ್ನು ನಡುನೀರಿಗೆ ತೆಗೆದುಕೊಂಡು ಹೋಗಲು ಅಂಬಿಗನಿಗೆ ಮೊದಲೇ ಹೇಳಿದರೆ ಅವನು ಕಾರಣ ಕೇಳದೆ ಹಾಗೇ ಮಾಡುತ್ತಾನೆ. ಅಷ್ಟು ದೂರದಿಂದ ಕಾಣುವುದು ಹೊಗೆ ಮತ್ತು ಕಟ್ಟಿಗೆಯ ರಾಶಿ ಮಾತ್ರ. ಇಲ್ಲಿಗೆ ಬರುವ ಹಿರಿಯರನ್ನು ಕಂಡ ಅನುಭವದಿಂದ ಒಂದು ಮಾತು ಹೇಳಬಹುದಾದರೆ, ಮಕ್ಕಳು ಹೆದರುವಷ್ಟು ಅವರು ಹೆದರುವುದಿಲ್ಲ. ಎಷ್ಟೋ ಮಂದಿ ಅಲ್ಲಿ ಕೈಮುಗಿದು, ದೋಣಿ ನಿಲ್ಲಿಸಲು ತಾವೇ ಹೇಳುತ್ತಾರೆ. ಅತ್ತೆಯವರನ್ನೇ ಕೇಳಿಬಿಡಿ. ಛಾಯಾಚಿತ್ರ ತೆಗೆಯುವುದು ಮಾತ್ರ ಖಂಡಿತ ಬೇಡ. ಅದು ಅಲ್ಲಿರುವ ಕುಟುಂಬಗಳಿಗೆ ನೋವುಂಟುಮಾಡುತ್ತದೆ, ಜಗಳಕ್ಕೂ ಕಾರಣವಾಗುತ್ತದೆ. ದಡದಲ್ಲಿ ಕಟ್ಟಿಗೆಗೆ ದಾನ ಕೊಡಿ ಎಂದು ಬೆನ್ನು ಹತ್ತುವವರಿಂದ ದೋಣಿಯಲ್ಲಿರುವವರಿಗೆ ತೊಂದರೆಯಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ನಮ್ಮವರು ಗಮನಿಸಬೇಕಾದ ಒಂದು ಅಂಶವಿದೆ. ಉತ್ತರದಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮ್ಮಲ್ಲಿ ಅಮಾವಾಸ್ಯೆಗೆ. ಅವರ ಕಾರ್ತಿಕ ಶರತ್ ಹುಣ್ಣಿಮೆಯ ಮರುದಿನ ಆರಂಭವಾಗಿ ಕಾರ್ತಿಕ ಹುಣ್ಣಿಮೆಗೆ ಮುಗಿದುಹೋಗುತ್ತದೆ; ನಮ್ಮ ಕಾರ್ತಿಕದ ಕೃಷ್ಣಪಕ್ಷ ಅವರಿಗೆ ಆಗಲೇ ಮಾರ್ಗಶಿರ. ಆದ್ದರಿಂದ ಕಾರ್ತಿಕದ ವಿಶೇಷಗಳನ್ನು ಕಾಣಬೇಕೆಂದರೆ ನೀವು ದೀಪಾವಳಿಯ ಪಾಡ್ಯದಿಂದ ಹುಣ್ಣಿಮೆಯೊಳಗಿನ ಶುಕ್ಲಪಕ್ಷದಲ್ಲೇ ಬರಬೇಕು.

ಆ ವಿಶೇಷಗಳಲ್ಲಿ ಎರಡನ್ನು ದೋಣಿಯಿಂದಲೇ ನೋಡಬೇಕು. ಮೊದಲನೆಯದು ಆಕಾಶದೀಪ. ಪಂಚಗಂಗಾ ಘಾಟ್‌ನಲ್ಲಿ ಎತ್ತರದ ಬಿದಿರುಗಳ ತುದಿಗೆ ಬುಟ್ಟಿಗಳನ್ನು ಹಗ್ಗದಿಂದ ಏರಿಸಿ, ಅವುಗಳೊಳಗೆ ಪಿತೃಗಳಿಗಾಗಿ ದೀಪ ಬೆಳಗುತ್ತಾರೆ. ಇದು ತಿಂಗಳಿಡೀ ಪ್ರತಿ ಸಂಜೆ ನಡೆಯುತ್ತದೆ. ಹೆಗ್ಗೋಡಿನ ಸೊಸೆಯವರ ಮಾತನ್ನು ಒಪ್ಪಿ, ಸಂಜೆಯ ಸವಾರಿಯನ್ನೂ ಸೇರಿಸಿಕೊಳ್ಳುವುದಾದರೆ ನಾನು ದಶಾಶ್ವಮೇಧಕ್ಕಿಂತ ಇದನ್ನೇ ಸೂಚಿಸುತ್ತೇನೆ. ನಮೋ ಘಾಟ್‌ನಲ್ಲಿ ಬಜಡಾ ಹತ್ತಿ ಪಂಚಗಂಗೆಗೆ ಬಂದು ಅಲ್ಲಿಂದಲೇ ಹಿಂದಿರುಗಬಹುದು; ದೂರ ಕಡಿಮೆ, ಮೆಟ್ಟಿಲಿನ ಕಷ್ಟವಿಲ್ಲ. ನವೆಂಬರ್‌ನಲ್ಲಿ ಸೂರ್ಯ ಐದೂಕಾಲಕ್ಕೆಲ್ಲ ಮುಳುಗುವುದರಿಂದ, ಶಿವಮೊಗ್ಗದ ಲೆಕ್ಕದಲ್ಲಿ ಆರಕ್ಕೆ ಹೊರಟರಾಯಿತು ಎಂದುಕೊಳ್ಳಬೇಡಿ. ಪಿತೃಕಾರ್ಯಕ್ಕೆಂದೇ ಬರುತ್ತಿರುವ ನಿಮ್ಮ ಅತ್ತೆಯವರಿಗೆ ಈ ದೀಪಗಳು ಆರತಿಗಿಂತ ಹೆಚ್ಚು ಸಲ್ಲುತ್ತವೆ ಎಂದು ನನಗನ್ನಿಸುತ್ತದೆ.

ಎರಡನೆಯದು ನಾಗ ನಥೈಯಾ. ಕಾರ್ತಿಕ ಶುದ್ಧ ಚೌತಿಯ ದಿನ ತುಳಸಿ ಘಾಟ್‌ನಲ್ಲಿ ನದಿಯಂಚಿಗೆ ಕದಂಬದ ಕೊಂಬೆಯೊಂದನ್ನು ನೆಡುತ್ತಾರೆ. ಕೃಷ್ಣನ ವೇಷದ ಬಾಲಕ ಅದರ ಮೇಲಿಂದ ಗಂಗೆಗೆ ಹಾರಿ, ಕಾಳಿಂಗನ ಹೆಡೆಯ ಮೇಲೆ ಕೊಳಲು ಹಿಡಿದು ಮೇಲೆದ್ದು ಬರುತ್ತಾನೆ. ತುಲಸೀದಾಸರೇ ಇದನ್ನು ಆರಂಭಿಸಿದರೆಂಬ ನಂಬಿಕೆಯಿದೆ. ಕಾಶಿಯ ರಾಜಮನೆತನದವರು ಇದನ್ನು ದೋಣಿಯಲ್ಲಿ ಬಂದು ನೋಡುವುದು ಪದ್ಧತಿ. ನೋಡುವುದು ಕೆಲವೇ ನಿಮಿಷ, ಜನ ಮಾತ್ರ ಅಪಾರ. ನಾಲ್ಕು ಗಂಟೆಯೊಳಗೆ ದೋಣಿ ಸೇರಿರಬೇಕಾಗುತ್ತದೆ.

ದೇವ ದೀಪಾವಳಿ, ಅಂದರೆ ಕಾರ್ತಿಕ ಹುಣ್ಣಿಮೆ, ನೀವು ಕೇಳಿದ ನಿಧಾನದ ಸವಾರಿಗೆ ಖಂಡಿತ ತಕ್ಕ ದಿನವಲ್ಲ. ಎಲ್ಲ ಘಾಟ್‌ಗಳಲ್ಲಿ ಲಕ್ಷಾಂತರ ಹಣತೆಗಳು ಉರಿಯುವುದು ನಿಜ, ನೋಟವೂ ದೊಡ್ಡದೇ. ಆದರೆ ದೋಣಿಗಳನ್ನು ತಿಂಗಳುಗಳ ಮೊದಲೇ ಕಾದಿರಿಸುತ್ತಾರೆ, ದರ ಎಷ್ಟೋ ಪಟ್ಟು ಏರುತ್ತದೆ, ನದಿಯಲ್ಲಿ ದೋಣಿಗೆ ದೋಣಿ ತಾಗಿಕೊಂಡಿರುತ್ತದೆ, ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ತಾಯಿಯವರು ಅಸ್ಸಿಯಿಂದ ಹೋಟೆಲಿಗೆ ಬಹುದೂರ ನಡೆಯಬೇಕಾದೀತು. ಹುಣ್ಣಿಮೆಗೆ ಎರಡು ದಿನ ಮೊದಲೇ ಊರು ಬಿಡುವಂತೆ ಟಿಕೆಟ್ ಮಾಡಿಸಿಕೊಳ್ಳಿ.

ಹುಟ್ಟು ದೋಣಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಎರಡು ಗಂಟೆ ಕಷ್ಟವೆನಿಸಿದರೆ ಬೆಳಿಗ್ಗೆ ಅಸ್ಸಿಯಿಂದ ಕೇದಾರ ಘಾಟ್‌ವರೆಗೆ ಹುಟ್ಟು ದೋಣಿಯಲ್ಲಿ ಹೋಗಿ, ಉಳಿದ ಭಾಗವನ್ನು ಬಜಡಾದಲ್ಲಿ ಸಂಜೆ ನೋಡಬಹುದು. ಆದರೆ ಎಂಜಿನ್ನಿಲ್ಲದ ದೋಣಿಯಲ್ಲಿ ದಡದ ಮಾತುಗಳು, ಬಟ್ಟೆ ಒಗೆಯುವ ಸದ್ದು, ಕೇದಾರನ ಗಂಟೆ ಎಲ್ಲವೂ ನೀರಿನ ಮೇಲೆ ತೇಲಿ ಬಂದು ಕೇಳಿಸುತ್ತವೆ. ಬಜಡಾದಲ್ಲಿ ಎಂಜಿನ್ ನಿಲ್ಲಿಸಿದಾಗ ಮಾತ್ರ.


ಹೆಗ್ಗೋಡಿನ ಸೊಸೆ

ಇದು ಒಪ್ಪುವಂಥ ಏರ್ಪಾಡು. ಹುಟ್ಟು ದೋಣಿಯ ಪಾಲು ಅಷ್ಟು ಚಿಕ್ಕದಾದರೆ ನನ್ನ ಆಕ್ಷೇಪವಿಲ್ಲ, ಒಂದೆರಡು ದಿಂಬು ಒಯ್ಯಿರಿ. ಆದರೆ ಕೇದಾರ ಘಾಟ್‌ನ ಮೆಟ್ಟಿಲುಗಳು ಬಹಳ ಕಡಿದಾಗಿವೆ, ಅಲ್ಲಿ ತಾಯಿಯವರನ್ನು ಇಳಿಸಬೇಡಿ. ಕೇದಾರದ ಮುಂದೆ ದೋಣಿ ತಿರುಗಿಸಿ, ಅಂಬಿಗನಿಗೆ ಸ್ವಲ್ಪ ಹೆಚ್ಚು ಕೊಟ್ಟು ಅಸ್ಸಿಗೇ ಹಿಂದಿರುಗಿ. ಅಷ್ಟು ದೂರವನ್ನು ಹರಿವಿಗೆ ಎದುರಾಗಿಯೂ ಅವರು ನಿಭಾಯಿಸುತ್ತಾರೆ. ಅಸ್ಸಿಯಲ್ಲಿ ವಾಹನ ಹತ್ತಿರಕ್ಕೆ ಬರುತ್ತದೆ, ತಿಂಡಿಯೂ ಸಿಗುತ್ತದೆ.


ಮಳೆಗಾಲದ ಯಾತ್ರಿಕ

ತಿಂಗಳ ವಿಷಯ ಬಂದಿದ್ದರಿಂದ, ಮುಂದೆ ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಈ ಸವಾರಿಯನ್ನು ನೆಚ್ಚಿಕೊಂಡು ಬರಬೇಡಿ. ಇಲ್ಲಿ ಗಂಗೆಯ ಅಪಾಯದ ಮಟ್ಟ (ಸಮುದ್ರಮಟ್ಟದಿಂದ ಅಳೆದದ್ದು) 71.26 ಮೀಟರ್, 1978ರಲ್ಲಿ ನೀರು 73.90 ಮೀಟರ್‌ವರೆಗೆ ಏರಿತ್ತು. ಅದರ ಹತ್ತಿರಕ್ಕೆ ಬರುವ ಎಷ್ಟೋ ಮೊದಲೇ ಘಾಟ್‌ನಿಂದ ಘಾಟ್‌ಗೆ ಹೋಗುವ ದಾರಿ ಮುಳುಗುತ್ತದೆ, ಆರತಿಯನ್ನು ಮೇಲಿನ ತಾರಸಿಗಳಿಗೆ ಸ್ಥಳಾಂತರಿಸುತ್ತಾರೆ, ಜಿಲ್ಲಾಡಳಿತ ದೋಣಿಗಳನ್ನು ನಿಲ್ಲಿಸುತ್ತದೆ. ನಾನು ಆಗಸ್ಟ್‌ನಲ್ಲಿ ಹೋಗಿದ್ದಾಗ ಕಂಡದ್ದು ಕಂಬಗಳಿಗೆ ಬಿಗಿದು ಕಟ್ಟಿದ ದೋಣಿಗಳನ್ನು ಮಾತ್ರ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ದಟ್ಟವಾಗಿದ್ದರೆ ಒಂಬತ್ತು ಗಂಟೆಯವರೆಗೂ ಎದುರಿನ ಘಾಟ್ ಕಾಣುವುದಿಲ್ಲ, ರೈಲು ವಿಮಾನಗಳೂ ತಡವಾಗುತ್ತವೆ. ಚಳಿಗಾಲದಲ್ಲಿ ವಲಸೆ ಬರುವ ಬಿಳಿಯ ಕಡಲಕ್ಕಿಗಳಿಗೆ ಹಾಕಲೆಂದು ದೋಣಿಯಲ್ಲಿ ಖಾರದ ಸೇವಿನ ಪೊಟ್ಟಣ ಮಾರುತ್ತಾರೆ. ಎಣ್ಣೆಯಲ್ಲಿ ಕರಿದ ಅದು ಹಕ್ಕಿಗಳಿಗೆ ಒಳ್ಳೆಯದಲ್ಲ, ಕೊಳ್ಳದಿರಿ. ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಬರಲು ಸಾಧ್ಯವಿರುವವರಿಗೆ ಆಕಾಶವೂ ತಿಳಿಯಾಗಿರುತ್ತದೆ, ಶಿವರಾತ್ರಿ ಮತ್ತು ಹೋಳಿಯ ದಿನಗಳನ್ನು ಬಿಟ್ಟರೆ ದೋಣಿಯೂ ಸುಲಭವಾಗಿ ಸಿಗುತ್ತದೆ.